ದೇವರಿಗೆ ಪೂರ್ತಿ ಒಪ್ಪಿಸಿಕೊಡೋದು ಅಂದ್ರೆ ನಿಜವಾಗ್ಲೂ ಏನು?

ನೀವು ಬರ್ದಿರೋದು ಓದಿ ನನ್ನದೇ ಕಥೆ ಓದಿದಂಗಾಯ್ತು. ಪ್ರತಿ ಸಲ ಉಜ್ಜೀವನ ಕೂಟದಲ್ಲಿ (ಭಕ್ತಿಯನ್ನ ಮತ್ತೆ ಚುರುಕು ಮಾಡೋ ಪ್ರಾರ್ಥನಾ ಕೂಟ) ಮುಂದಕ್ಕೆ ಹೋಗಿ ಮೊಣಕಾಲೂರಿ ಅತ್ತು ಜೀವಿತ ಒಪ್ಪಿಸ್ತೀನಿ, ಎರಡು ವಾರಕ್ಕೆ ಮತ್ತೆ ಹಳೇ ಮನುಷ್ಯ, ಹಂಗಾದ್ರೆ ನನ್ನ ಸಮರ್ಪಣೆ ಸುಳ್ಳಾ, ಕೆಲಸ ಬಿಟ್ಟು ಫುಲ್ ಟೈಮ್ ಸೇವೆಗೆ ಹೋದ್ರೇನೇ ಪೂರ್ತಿ ಒಪ್ಪಿಸಿದಂಗಾ ಅಂತ ಕೇಳಿದೀರ. ನಾನು ಪಾಸ್ಟರ್ ಅಲ್ಲ, ತುಮಕೂರು ಕಡೆಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು ಅಷ್ಟೇ, ನನಗಾಗಿದ್ದನ್ನ ಹೇಳ್ತೀನಿ.

ನಮ್ಮ ಕಡೆ ಸಭೆಗಳೆಲ್ಲ ಮೊದಲು ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯ ಹಾದಿಯ ವೆಸ್ಲಿಯನ್ ಮಿಷನ್‌ನವು, 1947ರಲ್ಲಿ ಸಿಎಸ್‌ಐ ಆದಾಗ ಅದರೊಳಗೆ ಸೇರಿದ್ವು. ಹಂಗಾಗಿ ಹೊಸ ವರ್ಷದ ಮೊದಲ ಭಾನುವಾರ ಒಡಂಬಡಿಕೆಯ ಆರಾಧನೆ ಅಂತ ಮಾಡ್ತೀವಿ, ದೇವರಿಗೆ ಕೊಟ್ಟ ಮಾತನ್ನ ಮತ್ತೆ ಹೊಸದಾಗಿ ಕೊಡೋದು. ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ್ದು, ಅವತ್ತು ಸುಮಾರು 1800 ಜನ ಎದ್ದು ನಿಂತು ಒಪ್ಪಿಗೆ ಕೊಟ್ರಂತೆ. ಅದರಲ್ಲಿರೋ ಪ್ರಾರ್ಥನೆಯ ಸಾರ ಇಷ್ಟು, ನಾನಿನ್ನು ನನ್ನವನಲ್ಲ ನಿನ್ನವನು, ಕೆಲಸಕ್ಕೆ ಹಚ್ಚಿದ್ರೂ ಸರಿ ಪಕ್ಕಕ್ಕೆ ಇಟ್ರೂ ಸರಿ, ತುಂಬಿಸಿದ್ರೂ ಸರಿ ಬರಿದು ಮಾಡಿದ್ರೂ ಸರಿ. ಚಿಕ್ಕಂದಿನಿಂದ ಹೇಳ್ಕೊಂಡು ಬಂದಿದ್ದೆ, ಬಾಯಿಪಾಠ.

ಒಂದು ವರ್ಷ ಆ "ಬರಿದು ಮಾಡಿದ್ರೂ" ಅನ್ನೋ ಕಡೆ ಗಂಟಲು ಕಟ್ಟಿಕೊಂಡ್ಬಿಡ್ತು. ಭಕ್ತಿಯಿಂದ ಅಲ್ಲ. ಅಪ್ಪ ಅಮ್ಮ ಇಬ್ರೂ ತೀರಿಕೊಂಡ ಮೇಲೆ ಊರಲ್ಲಿ ಒಂದು ಮನೆ, ರಸ್ತೆ ಬದಿ ಎರಡು ಮಳಿಗೆ ಉಳಿದಿತ್ತು, ನಾವಿಬ್ರೇ ಮಕ್ಕಳು, ನಾನು ನನ್ನ ತಂಗಿ. ನಮ್ಮ ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡು ಹೆಣ್ಣು ಅಂತ ಭೇದ ಇಲ್ಲ, ಸಮಪಾಲು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಕೈಗೆ ಐವತ್ತು ಸಾವಿರ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡೆ, ಮದುವೆಗೆ ಖರ್ಚು ಮಾಡಿದ್ವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ, ಅವಳು ಒಂದು ಮಾತೂ ಆಡ್ಲಿಲ್ಲ. ಆ ಪತ್ರ ಬೀರುವಿನಲ್ಲಿ ಅಪ್ಪನ ಸತ್ಯವೇದದ (ಬೈಬಲ್) ಕೆಳಗೇ ಇತ್ತು. ಮಳಿಗೆ ಬಾಡಿಗೆ ಬಂದಾಗೆಲ್ಲ ಅದರಲ್ಲೂ ದಶಮಾಂಶ ಅಂತ ಹತ್ತರಲ್ಲಿ ಒಂದು ಪಾಲು ತೆಗೆದು ಸಭೆಗೆ ಕೊಡ್ತಿದ್ದೆ, ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಮೈ ಜುಮ್ ಅನ್ನತ್ತೆ.

ಮತ್ತಾಯನ ಸುವಾರ್ತೆ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ನಿಮಗೂ ಗೊತ್ತಿರತ್ತೆ, ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಅಂತ. ನಿನಗೆ ಅವನ ಮೇಲೆ ಕೋಪ ಇದ್ರೆ ಅಂತ ಅಲ್ಲ ಇಲ್ಲಿ ಹೇಳಿರೋದು, ಅವನಿಗೆ ನಿನ್ನ ಮೇಲೆ ಇದ್ರೆ ಅಂತ. ನಾನು ಮತ್ತೆ ಮತ್ತೆ ಪೀಠದ ಹತ್ರ ಹೋಗ್ತಿದ್ದೆ, ದೇವರು ನನ್ನನ್ನ ತಂಗಿ ಮನೆಗೆ ಕಳಿಸ್ತಾ ಇದ್ದ.

ಹೋದೆ. ಜನವರಿ, ಅವರೆಕಾಯಿ ಕಾಲ. ಅಡುಗೆಮನೆ ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕ್ತಾ ಇದ್ಲು, ಬೇಳೆ ಪಾತ್ರೆಗೆ ಸಿಪ್ಪೆ ಪೇಪರ್ ಮೇಲೆ. ನಾನು ನಿಂತ್ಕೊಂಡೇ ಹೇಳಿದೆ, ನಿನಗೆ ಮೋಸ ಮಾಡಿದೀನಿ ಕಣೇ, ಗೊತ್ತಿದ್ದೇ ಮಾಡಿದೀನಿ, ಎರಡೂ ಮಳಿಗೆ ನಿನ್ನ ಹೆಸರಿಗೆ ಮಾಡಿಸ್ತೀನಿ ಅಂತ. ಅವಳ ಕೈ ನಿಲ್ಲಲೇ ಇಲ್ಲ, ತಲೆಯೂ ಎತ್ತಲಿಲ್ಲ, ಸುಮಾರು ಹೊತ್ತು ಬರೀ ಕಾಳು ಹಿತುಕೋ ಸದ್ದು. ಆಮೇಲೆ "ಕೈ ತೊಳ್ಕೊಂಡು ಬಾರಣ್ಣ, ಇನ್ನೂ ಅರ್ಧ ಸೇರಿದೆ" ಅಂದ್ಲು. ಕೂತು ಇಬ್ರೂ ಹಿತುಕಿದ್ವಿ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ದಾನಪತ್ರ ಆಯ್ತು. ಸುಲಭ ಆಗಿರಲಿಲ್ಲ, ಮಗನ ಕಾಲೇಜ್ ಫೀಸು ಆ ಬಾಡಿಗೆಯಿಂದಲೇ ಹೋಗ್ತಿತ್ತು, ನನ್ನ ಹೆಂಡತಿ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಕೂಟದಲ್ಲಿ ಅತ್ತಿದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ, ನಿಮ್ಮ ಕಣ್ಣೀರೂ ಸುಳ್ಳಲ್ಲ. ಆದ್ರೆ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 12:1 ನೋಡಿ, ನಿಮ್ಮ ಭಾವನೆಗಳನ್ನ ಒಪ್ಪಿಸಿ ಅಂತ ಪೌಲ ಬರೆಯಲಿಲ್ಲ, ದೇಹಗಳನ್ನ ಸಜೀವಯಜ್ಞವಾಗಿ ಒಪ್ಪಿಸಿ ಅಂದ. ಅದೇ ಅಧ್ಯಾಯ ಮುಂದಕ್ಕೆ ಓದಿದ್ರೆ ಅತಿಥಿಗಳನ್ನ ಉಪಚರಿಸಿ, ಅಳೋರ ಜೊತೆ ಅಳಿ, ಹಸಿದ ವೈರಿಗೆ ಊಟ ಹಾಕಿ, ಹೀಗೇ ಹೋಗತ್ತೆ, ಎಲ್ಲಾ ಕೈ ಕಾಲು ಮಾಡೋ ಕೆಲಸ. ಅದಕ್ಕಿಂತ ಮೊದಲೇ ದೇವರ ಕನಿಕರವನ್ನ ನೆನೆಸಿಕೊಳ್ಳಿ ಅಂತಾನೆ. ಅದು ಬಹಳ ಮುಖ್ಯ. ದೇವರು ಒಪ್ಕೊಳ್ಳಲಿ ಅಂತ ನಾವು ಒಪ್ಪಿಸಿಕೊಳ್ಳಲ್ಲ, ಒಪ್ಕೊಂಡಾಗಿದೆ ಅಂತ ಒಪ್ಪಿಸಿಕೊಳ್ತೀವಿ.

ಫುಲ್ ಟೈಮ್ ಸೇವೆ ವಿಷಯ, ಕರೆದ್ರೆ ಹೋಗಿ. ಸುಂಕ ವಸೂಲಿ ಮಾಡ್ತಿದ್ದ ಲೇವಿ ಯೇಸು ಕರೆದಾಗ ಸುಂಕದ ಕಟ್ಟೆಯನ್ನ ಬಿಟ್ಟೆದ್ದು ಹೋದ. ಅದೇ ಸುಂಕದ ಕೆಲಸದ ಜಕ್ಕಾಯನಿಗೆ ಹಂಗೆ ಹೇಳಿದ್ದು ಕಾಣಲ್ಲ, ಅವನು ಮೋಸದಿಂದ ತಗೊಂಡಿದ್ದನ್ನ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ದೆವ್ವ ಬಿಟ್ಟುಹೋದ ಗೆರಸೇನ ಸೀಮೆಯವನು ನಿನ್ನ ಜೊತೆ ಬರ್ತೀನಿ ಅಂತ ಬೇಡಿಕೊಂಡ್ರೂ ಯೇಸು ಮನೆಗೇ ಕಳಿಸಿದ.

ಇನ್ನು ಎರಡು ವಾರಕ್ಕೆ ಹಳೇ ತರ ಆಗೋದು. ಶಿಲುಬೆ ಹೊತ್ತು ನನ್ನ ಹಿಂದೆ ಬಾ ಅನ್ನೋ ಮಾತು ಮೂರು ಸುವಾರ್ತೆಗಳಲ್ಲಿದೆ, ಲೂಕ ಒಬ್ಬನೇ "ದಿನಾಲೂ" ಅನ್ನೋ ಪದ ಸೇರಿಸಿ ಬರ್ದಿದಾನೆ. ಹಂಗಾಗಿ ಇವತ್ತು ಬೆಳಿಗ್ಗೆ ಮತ್ತೆ ಒಪ್ಪಿಸಿದ್ರೆ ನಿನ್ನೇದು ಸುಳ್ಳು ಅಂತಲ್ಲ. ಆದ್ರೆ ಬ್ರದರ್, ಮುಂದಿನ ಸಲ ಪ್ರಾರ್ಥನೆ ಮಾಡುವಾಗ ಎಲ್ಲಾ ನಿನ್ನದೇ ಅಂತ ಒಟ್ಟಿಗೆ ಹೇಳಿ ಮುಗಿಸ್ಬೇಡಿ, ಒಂದೊಂದೇ ಹೆಸರು ಹಿಡಿದು ಹೇಳಿ, ದುಡ್ಡು, ಫೋನು, ಅತ್ತೆ ಮನೆಯವರು, ಎಲ್ಲಿ ನಾಲಿಗೆ ತಡೆಯುತ್ತೋ ಅಲ್ಲಿ ನಿಲ್ಲಿ.

ನನಗೂ ಮುಗಿದಿಲ್ಲ ಇದು. ಹನ್ನೊಂದು ವರ್ಷದಿಂದ ಸಭೆಯ ಟ್ರೆಶರರ್ ಆಗಿದೀನಿ, ಈಗ ಚಿಕ್ಕ ವಯಸ್ಸಿನವರೊಬ್ಬರಿಗೆ ಬಿಟ್ಟುಕೊಡಿ ಅಂತ ಕಮಿಟಿಯವರು ಕೇಳಿದಾರೆ, ಈ ವರ್ಷ "ಪಕ್ಕಕ್ಕೆ ಇಟ್ರೂ ಸರಿ" ಅನ್ನೋ ಕಡೆ ದನಿ ಸಣ್ಣದಾಯ್ತು. ಮುಂದಿನ ತಿಂಗಳು ಲೆಕ್ಕದ ಪುಸ್ತಕ, ಕಾಣಿಕೆ ಪೆಟ್ಟಿಗೆ ಕೀ ಎರಡೂ ಅವರ ಕೈಗೆ ಕೊಡಬೇಕು. ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ, ನೀವೂ ನನಗೋಸ್ಕರ ಮಾಡಿ.