ಟ್ಯಾಂಕ್ ತುಂಬಿದ್ದರೂ ಎಂಜಿನ್ನಿಗೆ ಪೆಟ್ರೋಲ್ ತಲುಪದಿದ್ದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಕಾರ್ಬ್ಯುರೇಟರ್ ಇರುವ ಹಳೆಯ ಮೋಟಾರ್ ಸೈಕಲ್. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ನಿಧಾನವಾಗಿ ಓಡಿಸಿದರೆ ಯಾವ ತೊಂದರೆಯೂ ಇಲ್ಲ. ಆದರೆ ಕೆಲವು ಕಿಲೋಮೀಟರ್ ವೇಗವಾಗಿ ಓಡಿಸಿದ ಮೇಲೆ ಎಳೆತ ಕಡಿಮೆಯಾಗುತ್ತಾ ಬಂದು, ತಡವರಿಸಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏನೂ ಆಗದಂತೆ ಹೊರಡುತ್ತದೆ. ಪ್ಲಗ್ ಬದಲಿಸಿದೆ, ಕಾರ್ಬ್ಯುರೇಟರ್ ಬಿಚ್ಚಿಸಿ ಸ್ವಚ್ಛ ಮಾಡಿಸಿದೆ. ಈಗ ಹೊಸ ಕಾರ್ಬ್ಯುರೇಟರ್ ಹಾಕಿಸಬೇಕೆಂದು ಹೇಳುತ್ತಿದ್ದಾರೆ. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದಿರುವ ಲಕ್ಷಣಗಳಲ್ಲಿಯೇ ಕಾರ್ಬ್ಯುರೇಟರ್ ಬದಲಿಸದಿರಲು ಸಾಕಷ್ಟು ಕಾರಣಗಳಿವೆ. ಎಂಜಿನ್ ಪೆಟ್ರೋಲನ್ನು ನೇರವಾಗಿ ಟ್ಯಾಂಕಿನಿಂದ ಹೀರುವುದಿಲ್ಲ. ಕಾರ್ಬ್ಯುರೇಟರಿನ ತಳದಲ್ಲಿರುವ ಫ್ಲೋಟ್ ಬೌಲ್ ಎಂಬ ಸಣ್ಣ ಬಟ್ಟಲಿನಲ್ಲಿ ನಿಂತಿರುವ ಪೆಟ್ರೋಲನ್ನು ಹೀರುತ್ತದೆ. ನಿಧಾನವಾಗಿ ಓಡಿಸುವಾಗ ಖರ್ಚು ಕಡಿಮೆಯಿರುವುದರಿಂದ ಮೇಲಿನಿಂದ ಸಣ್ಣಗೆ ಹರಿದು ಬರುವಷ್ಟೇ ಸಾಕಾಗುತ್ತದೆ. ವೇಗ ಹೆಚ್ಚಿದಾಗ ಒಳಹರಿವಿಗಿಂತ ಖರ್ಚು ಜಾಸ್ತಿಯಾಗಿ ಬಟ್ಟಲು ಬರಿದಾಗುತ್ತದೆ, ಗಾಡಿ ನಿಲ್ಲುತ್ತದೆ. ನೀವು ಕಾಯುವ ಹೊತ್ತಿನಲ್ಲಿ ಬಟ್ಟಲು ಮತ್ತೆ ತುಂಬಿಕೊಳ್ಳುತ್ತದೆ. ಬಟ್ಟಲಿನಿಂದ ಎಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರದ ಭಾಗವಾದ ಮೇನ್ ಜೆಟ್ ಕಟ್ಟಿಕೊಂಡಿದ್ದರೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ ಮೊದಲ ಕ್ಷಣದಲ್ಲಿಯೇ ಎಳೆತ ಸಿಗುತ್ತಿರಲಿಲ್ಲ, ಕೆಲವು ಕಿಲೋಮೀಟರ್ ಕಾಯುವ ಪ್ರಶ್ನೆಯೇ ಇರುತ್ತಿರಲಿಲ್ಲ. ಆದ್ದರಿಂದ ಅಡಚಣೆ ಬಟ್ಟಲಿಗಿಂತ ಮೇಲೆ, ಅಂದರೆ ಟ್ಯಾಂಕಿನ ಮುಚ್ಚಳದಿಂದ, ಬಟ್ಟಲು ತುಂಬಿದಾಗ ಒಳಹರಿವನ್ನು ಮುಚ್ಚುವ ಫ್ಲೋಟ್ ಸೂಜಿಯವರೆಗಿನ ದಾರಿಯಲ್ಲಿ ಎಲ್ಲೋ ಇದೆ ಎಂದು ಹುಡುಕುವುದು ಸರಿ.

ಒಂದು ಅನುಮಾನವನ್ನು ಮಾತ್ರ ಮೊದಲೇ ನಿವಾರಿಸಿಕೊಳ್ಳಬೇಕು. ಪ್ಲಗ್‌ನ ಸ್ಪಾರ್ಕಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗುವ ದೋಷವೂ ಹೀಗೆಯೇ ಕಾಣಿಸುತ್ತದೆ. ಸ್ಪಾರ್ಕ್ ಹೋದರೆ ಸಾಮಾನ್ಯವಾಗಿ ಎಂಜಿನ್ ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಪೆಟ್ರೋಲ್ ಸಾಲದಿದ್ದರೆ ಎಳೆದು ಬಿಟ್ಟು, ಎಳೆದು ಬಿಟ್ಟು ಕ್ರಮೇಣ ಸೊರಗುತ್ತದೆ. ಸೊರಗಲು ಆರಂಭಿಸಿದಾಗ ಸುರಕ್ಷಿತವಾದ ಜಾಗದಲ್ಲಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದು ನೋಡಿ: ಕ್ಷಣಕಾಲವಾದರೂ ಚೇತರಿಸಿಕೊಂಡರೆ ಕೊರತೆ ಪೆಟ್ರೋಲಿನದು.

ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಬಂದು, ಅನಂತರ ಎಂಜಿನ್ ಬೇಗನೆ ಸ್ಟಾರ್ಟ್ ಆದರೆ ರೋಗ ಅಲ್ಲಿಯೇ ಸಿಕ್ಕಿತು. ಒಂದೇ ತೂತು ಮಾಡಿದ ಎಣ್ಣೆಯ ಡಬ್ಬದಿಂದ ಎಣ್ಣೆ ಸರಾಗವಾಗಿ ಸುರಿಯದಿರುವಂತೆ, ಹೊರಹೋದ ಪೆಟ್ರೋಲಿನ ಜಾಗಕ್ಕೆ ಗಾಳಿ ಬರದಿದ್ದರೆ ಟ್ಯಾಂಕಿನಿಂದಲೂ ಹರಿವು ನಿಲ್ಲುತ್ತದೆ. ಮುಚ್ಚಳದ ಗಾಳಿರಂಧ್ರ ಧೂಳು ಮತ್ತು ತುಕ್ಕಿನಿಂದ ಕಟ್ಟಿಕೊಳ್ಳುವುದು ತೀರಾ ಸಾಮಾನ್ಯ. ಟ್ಯಾಂಕಿನ ಮೇಲೆ ಬಿಗಿಯಾಗಿ ಹಾಕಿದ ಕವರ್ ಕೂಡ ಅದನ್ನು ಮುಚ್ಚಬಹುದು. ಹೊಸ ಗಾಡಿಗಳಲ್ಲಿ ಪೆಟ್ರೋಲ್ ಆವಿಯನ್ನು ಹಿಡಿದಿಡುವ ಕ್ಯಾನಿಸ್ಟರಿಗೆ ಹೋಗುವ ಕೊಳವೆ ಮಡಚಿಕೊಂಡರೂ ಇದೇ ಫಲ. ಇಷ್ಟು ಸಣ್ಣ ಕಾರಣಕ್ಕಾಗಿ ಕಾರ್ಬ್ಯುರೇಟರುಗಳನ್ನೇ ಬದಲಿಸಿದ ಉದಾಹರಣೆಗಳಿರುವುದು ಬೇಸರದ ಸಂಗತಿ.

ಮುಚ್ಚಳದಲ್ಲಿ ದೋಷ ಕಾಣದಿದ್ದರೆ ಹರಿವನ್ನೇ ಪರೀಕ್ಷಿಸಿ. ಎಂಜಿನ್ ತಣ್ಣಗಿರಲಿ, ಜಾಗ ಬಯಲಾಗಿರಲಿ, ಹತ್ತಿರದಲ್ಲಿ ಬೆಂಕಿಯಾಗಲಿ ಸಿಗರೇಟಾಗಲಿ ಇರಬಾರದು. ಫ್ಲೋಟ್ ಬೌಲಿನ ಡ್ರೈನ್ ಸ್ಕ್ರೂ ಸಡಿಲಿಸಿ, ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ಕವಾಟ) ತೆರೆದು, ಬರುವ ಪೆಟ್ರೋಲನ್ನು ಲೋಹದ ಪಾತ್ರೆಯಲ್ಲಿ ಹಿಡಿಯಿರಿ. ಬಟ್ಟಲಿನಲ್ಲಿದ್ದದ್ದು ಖಾಲಿಯಾಗುವ ತನಕ ಎಲ್ಲ ಗಾಡಿಗಳಲ್ಲಿಯೂ ಧಾರೆ ಜೋರಾಗಿಯೇ ಬರುತ್ತದೆ, ಗಮನಿಸಬೇಕಾದದ್ದು ಆಮೇಲಿನದ್ದನ್ನು. ಒಂದೆರಡು ನಿಮಿಷವಾದರೂ ಧಾರೆ ಸಮನಾಗಿ ಮುಂದುವರಿದರೆ ದಾರಿ ತೆರೆದಿದೆ ಎಂದರ್ಥ. ಧಾರೆ ಸಣ್ಣಗಾಗಿ ಹನಿಯಾದರೆ, ಫ್ಲೋಟ್ ಸೂಜಿಯ ಹತ್ತಿರದಿಂದ ಆರಂಭಿಸಿ ಒಂದೊಂದೇ ಹಂತ ಮೇಲಕ್ಕೆ ಹೋಗಿ: ಕಾರ್ಬ್ಯುರೇಟರಿನಿಂದ ಪೈಪ್ ಕಳಚಿ ನೋಡಿ, ಫಿಲ್ಟರಿಗೆ ಮುಂಚೆ ಕಳಚಿ ನೋಡಿ, ಕಾಕ್‌ನಲ್ಲಿಯೇ ನೋಡಿ. ಎಲ್ಲಿ ಧಾರೆ ಮತ್ತೆ ಜೋರಾಗುತ್ತದೆಯೋ, ಅದರ ಮತ್ತು ಹಿಂದೆ ಪರೀಕ್ಷಿಸಿದ ಜಾಗದ ನಡುವೆ ಅಡಚಣೆ ಇದೆ.

ಪಾರದರ್ಶಕ ಫಿಲ್ಟರಿನಲ್ಲಿ ಪೆಟ್ರೋಲ್ ಅರ್ಧವೇ ಕಾಣಿಸಿದರೆ ಅನೇಕರು ಗಾಬರಿಯಾಗುತ್ತಾರೆ. ಹರಿವು ಸರಿಯಿದ್ದರೆ ಅದು ದೋಷವಲ್ಲ. ಅದಕ್ಕಿಂತ ಹಳೆಯ ರಬ್ಬರ್ ಪೈಪನ್ನು ಅನುಮಾನಿಸಿ. ಹೊರಗೆ ಚೆನ್ನಾಗಿ ಕಂಡರೂ ಅದರ ಒಳಗೋಡೆ ಉಬ್ಬಿ ದಾರಿ ಕಿರಿದಾಗಿರುತ್ತದೆ. ರಿಸರ್ವ್‌ನಲ್ಲಿ ಚೆನ್ನಾಗಿ ಓಡುವ ಗಾಡಿ, ಟ್ಯಾಂಕ್ ತುಂಬಿದ್ದರೂ ಮೇನ್‌ನಲ್ಲಿ ಓಡದಿದ್ದರೆ ಕಾಕ್‌ನ ಮೇನ್ ಕೊಳವೆ ಅಥವಾ ಅದರ ಜಾಲರಿ ಕಟ್ಟಿಕೊಂಡಿರುತ್ತದೆ. ಎಂಜಿನ್ನಿನ ನಿರ್ವಾತದಿಂದ ತೆರೆದುಕೊಳ್ಳುವ ಕಾಕ್ ನಿಮ್ಮದಾದರೆ, ಎಂಜಿನ್ ನಿಂತಾಗ ಪೆಟ್ರೋಲ್ ಬರದಿರುವುದು ಸಹಜವೇ. ಎಂಜಿನ್ ನಿಂತಿದ್ದರೂ ಪೆಟ್ರೋಲ್ ಬಿಡುವ ಪ್ರೈಮ್ ಸ್ಥಾನವಿದ್ದರೆ ಅದರಲ್ಲಿಟ್ಟು ಪರೀಕ್ಷಿಸಿ. ಪಾತ್ರೆಯಲ್ಲಿ ಹಿಡಿದ ಪೆಟ್ರೋಲಿನ ತಳದಲ್ಲಿ ಗುಂಡುಗುಂಡಾಗಿ ಬೇರೆ ನಿಂತ ದ್ರವ ಕಂಡರೆ ಅದು ನೀರು, ಕಂದು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ಆಗ ಫಿಲ್ಟರ್ ಬದಲಿಸಿದರೆ ಸಾಲದು, ಟ್ಯಾಂಕನ್ನೇ ಇಳಿಸಿ ಶುದ್ಧಗೊಳಿಸಬೇಕು.

ಪ್ರಶ್ನೆ: ಹಲವು ತಿಂಗಳು ನಿಲ್ಲಿಸಿಟ್ಟಿದ್ದ ಗಾಡಿಯನ್ನು ಈಗ ತೆಗೆದಿದ್ದೇನೆ. ಚೋಕ್ ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ಐಡ್ಲಿಂಗ್‌ನಲ್ಲಿ ನಿಲ್ಲುತ್ತದೆ. ತಂತಿಯಿಂದ ಜೆಟ್ ಚುಚ್ಚಿ ಸರಿಮಾಡಬಹುದೆಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ದಯವಿಟ್ಟು ತಂತಿ ಬಳಸಬೇಡಿ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್‌ನ ರಂಧ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು, ಮತ್ತು ಹಿತ್ತಾಳೆ ಮೃದುವಾದ ಲೋಹ. ಉಕ್ಕಿನ ತಂತಿ ಅದನ್ನು ಸ್ವಲ್ಪ ಅಗಲಿಸಿದರೂ ಮುಂದೆ ಎಷ್ಟು ಟ್ಯೂನಿಂಗ್ ಮಾಡಿದರೂ ಮೈಲೇಜ್ ಹಿಂದಿನಂತಾಗುವುದಿಲ್ಲ. ನಿಂತ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ ಉಳಿದ ಅಂಟು ಆ ರಂಧ್ರವನ್ನು ಮುಚ್ಚಿರುತ್ತದೆ. ಜೆಟ್ ಕಳಚಿ, ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ಒತ್ತಡದ ಗಾಳಿ ಹಾಯಿಸಿ, ಬೆಳಕಿಗೆ ಹಿಡಿದು ರಂಧ್ರ ಪೂರ್ಣ ದುಂಡಗೆ ಕಾಣುವವರೆಗೆ ಪುನರಾವರ್ತಿಸಿ. ಗಾಳಿ ಹಾಯಿಸುವ ಮೊದಲು ರಬ್ಬರಿನ ಭಾಗಗಳನ್ನು ತೆಗೆದಿಡಿ, ಕಣ್ಣಿಗೆ ಕನ್ನಡಕವಿರಲಿ. ಹಾಗೆಯೇ ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆಯಿರಿ. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುತ್ತದೆ, ಮಿತಿಮೀರಿದಾಗ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಜೆಟ್ ಶುದ್ಧವಾದ ಮೇಲೂ ಚೋಕ್ ಬೇಕೆನಿಸಿದರೆ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟು ಹೆಚ್ಚುವರಿ ಗಾಳಿ ಎಳೆಯುತ್ತಿರಬಹುದು, ನೋಡಿ.

ಪ್ರಶ್ನೆ: ಗಾಡಿ ನಿಲ್ಲಿಸಿದಾಗ ಕಾರ್ಬ್ಯುರೇಟರಿನ ಕೆಳಗಿನ ಕೊಳವೆಯಿಂದ ಪೆಟ್ರೋಲ್ ಸೋರುತ್ತದೆ. ಕಾಕ್ ಮುಚ್ಚಿಟ್ಟರೆ ಸಾಕೇ?

ಉತ್ತರ: ಮುಚ್ಚಿಡುವುದು ಒಳ್ಳೆಯ ಅಭ್ಯಾಸ, ಆದರೆ ಪರಿಹಾರವಲ್ಲ. ಫ್ಲೋಟ್ ಸೂಜಿಯ ತುದಿಯಲ್ಲಿ ಕಸ ಸಿಕ್ಕಿರಬಹುದು ಅಥವಾ ಸವೆದು ಗೆರೆ ಬಿದ್ದಿರಬಹುದು. ಬಟ್ಟಲಿನ ಪೆಟ್ರೋಲಿನ ಮೇಲೆ ತೇಲುವ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಬಂದರೆ ಅದು ತೂತಾಗಿದೆ. ಅದಕ್ಕಿಂತ ಮುಖ್ಯವಾಗಿ, ಪೆಟ್ರೋಲ್ ಎಂಜಿನ್ನಿನೊಳಗೂ ಇಳಿದಿರಬಹುದಾದ್ದರಿಂದ ಎಂಜಿನ್ ಆಯಿಲ್ ಪರೀಕ್ಷಿಸಿ. ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬರುತ್ತಿದ್ದರೆ, ಸೋರಿಕೆ ನಿಲ್ಲಿಸಿ ಆಯಿಲ್ ಬದಲಿಸುವವರೆಗೆ ಎಂಜಿನ್ ಸ್ಟಾರ್ಟ್ ಮಾಡಲೇಬಾರದು.

ಪ್ರಶ್ನೆ: ನನ್ನದು ಫ್ಯೂಯೆಲ್ ಇಂಜೆಕ್ಷನ್ ಗಾಡಿ. ಏರು ಹತ್ತುವಾಗ ಎಳೆತವಿಲ್ಲ, ಆದರೆ ಎಚ್ಚರಿಕೆ ದೀಪ ಹೊತ್ತಿಲ್ಲ. ದೀಪ ಹೊತ್ತದಿದ್ದರೆ ಪೆಟ್ರೋಲ್ ವ್ಯವಸ್ಥೆ ಸರಿಯಿದೆ ಎಂದು ತಿಳಿಯಬಹುದೇ?

ಉತ್ತರ: ಹಾಗೆ ತಿಳಿಯಲಾಗದು. ಬಹುತೇಕ ಮೋಟಾರ್ ಸೈಕಲ್ಲುಗಳಲ್ಲಿ ಪೆಟ್ರೋಲ್ ಒತ್ತಡವನ್ನು ಅಳೆಯುವ ಸೆನ್ಸರ್ ಇರುವುದಿಲ್ಲ. ಟ್ಯಾಂಕಿನೊಳಗಿಂದ ಪೆಟ್ರೋಲನ್ನು ಒತ್ತಿ ಕಳಿಸುವ ಪಂಪ್ ದುರ್ಬಲವಾಗಿದ್ದರೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಅದು ನೇರವಾಗಿ ಗೊತ್ತಾಗುವುದಿಲ್ಲ. ಕೀ ತಿರುಗಿಸಿದಾಗ ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡ್ ಗುಂಯ್‌ಗುಡುವ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಪಂಪಿನ ಕನೆಕ್ಟರ್ ಇವುಗಳನ್ನು ಮೊದಲು ನೋಡಿ. ಸದ್ದಿದ್ದೂ ಎಳೆತವಿಲ್ಲದಿದ್ದರೆ ಒತ್ತಡವನ್ನು ಗೇಜ್ ಹಾಕಿ ಅಳೆಯಿಸಲೇಬೇಕು. ಅನೇಕ ಗಾಡಿಗಳಲ್ಲಿ ಅದು 3 ಬಾರ್ ಆಸುಪಾಸಿನಲ್ಲಿರುತ್ತದೆ, ನಿಮ್ಮ ಗಾಡಿಯ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಒತ್ತಡ ಕಡಿಮೆಯಿದ್ದರೆ ಪಂಪನ್ನೇ ದೂರುವ ಮೊದಲು ಅದರ ಜಾಲರಿ, ಒತ್ತಡವನ್ನು ಸಮನಾಗಿಡುವ ರೆಗ್ಯುಲೇಟರ್ ಮತ್ತು ಪಂಪ್ ಓಡುವಾಗ ಕನೆಕ್ಟರಿನಲ್ಲಿ ಸಿಗುವ ವೋಲ್ಟೇಜ್ ಪರೀಕ್ಷಿಸಿ. ಪೈಪ್ ಕಳಚುವ ಮುನ್ನ ಪಂಪಿನ ಕನೆಕ್ಟರ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಒತ್ತಡ ಇಳಿಸಿಕೊಳ್ಳಿ. ಅನಂತರವೂ ಜೋಡಣೆಯ ಸುತ್ತ ಬಟ್ಟೆ ಹಿಡಿದೇ ಬಿಚ್ಚಿ. ಪೈಪ್ ಬದಲಿಸಬೇಕಾಗಿ ಬಂದರೆ ಇಂಜೆಕ್ಷನ್ ಒತ್ತಡಕ್ಕೆಂದೇ ತಯಾರಿಸಿದ್ದನ್ನು ಹಾಕಿಸಿ, ಕಾರ್ಬ್ಯುರೇಟರ್ ಗಾಡಿಯ ಸಾದಾ ಪೈಪ್ ಆ ಒತ್ತಡಕ್ಕೆ ತಾಳುವುದಿಲ್ಲ.