ತುಟಿ ಅಲ್ಲಾಡಿಸಿ ಓದುವ ಹುಡುಗಿಗೆ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ಮುಗಿಸಿದ ಮೇಲೆ ಉಳಿದವನ್ನು ತೆರೆಯಲು ಮನಸ್ಸಾಗಲಿಲ್ಲ. ಆಳಂದ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ ಬರೆದದ್ದು. ನಾಲ್ಕು ಹಾಳೆ, ಎರಡೂ ಮಗ್ಗುಲು, ದುಂಡಗಿನ ಅಕ್ಷರ. ಕೊನೆಯಲ್ಲಿ ‘ಹೆಸರು ಹಾಕಬೇಡಿ, ಮಾವ ಈ ಅಂಕಣ ಓದುತ್ತಾರೆ’ ಎಂಬ ಕೋರಿಕೆ. ಹೆಸರು ಹಾಕುವುದಿಲ್ಲ. ಮಾವ ಓದಲಿ, ಓದಲೇಬೇಕು.

ಸಂಗತಿ ಇಷ್ಟು. ಹುಡುಗಿಗೆ ಹತ್ತೊಂಬತ್ತು. ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮ. ಪಿಯುಸಿ ವಿಜ್ಞಾನಕ್ಕೆ ಕಲಬುರಗಿಗೆ ಬಂದು ಸೋದರಮಾವನ ಮನೆಯಲ್ಲಿ ಇದ್ದಳು. 2024ರಲ್ಲಿ ಮೊದಲ ಸಲ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆದಾಗ 720ಕ್ಕೆ 341. ಒಂದು ವರ್ಷ ‘ಲಾಂಗ್ ಟರ್ಮ್’ ಕೋಚಿಂಗ್ ಸೇರಿ 2025ರಲ್ಲಿ ಬರೆದಾಗ 399. ಕೋಚಿಂಗ್ ಶುಲ್ಕಕ್ಕೆ ಆ ವರ್ಷದ ತೊಗರಿಯ ದುಡ್ಡು ಹೋಯಿತು. ಸಾಲದೆ ಬಂದದ್ದನ್ನು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಅಣ್ಣ ತಿಂಗಳು ತಿಂಗಳು ಕಳುಹಿಸಿದ. ಈಗ ಊರಿನಲ್ಲಿದ್ದಾಳೆ. ತೊಗರಿ ರಾಶಿ ಮುಗಿದಿದೆ, ಅರ್ಜಿ ಹಾಕುವ ದಿನ ಹತ್ತಿರ ಬಂದಿದೆ. ‘ಒಂದು ವರ್ಷದ ದುಡ್ಡು ಸುರಿದು ಗಿಟ್ಟಿದ್ದು 58 ಅಂಕ. ಇವಳ ತಲೆ ಇಷ್ಟೇ. ನರ್ಸಿಂಗ್ ಸೇರಿಸಿಬಿಡಿ’ ಎನ್ನುತ್ತಾನೆ ಮಾವ. ‘ಇನ್ನೊಂದು ಸಲ ಬರೆ, ದುಡ್ಡಿನ ಚಿಂತೆ ನನ್ನದು’ ಎನ್ನುತ್ತಾನೆ ಅಣ್ಣ. ಅಪ್ಪ ಏನೂ ಹೇಳುವುದಿಲ್ಲ. ಹುಡುಗಿಯ ಪ್ರಶ್ನೆ: ‘ಮೂರನೆಯ ಸಲ ಬರೆಯಲೇ, ಅಣ್ಣನ ದುಡ್ಡು ಉಳಿಸಲೇ?’

ಇದು ಪತ್ರದ ಪ್ರಶ್ನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮೂರನೆಯ ಹಾಳೆಯ ಹಿಂಬದಿಯಲ್ಲಿ, ಹಾಸ್ಟೆಲ್ ಊಟದ ಮಾತು ಮತ್ತು ತಲೆನೋವಿನ ಮಾತಿನ ನಡುವೆ, ಎರಡೇ ಸಾಲು ಸಿಕ್ಕಿಕೊಂಡಿವೆ: ‘ಪರೀಕ್ಷೆಯಲ್ಲಿ ತುಟಿ ಅಲ್ಲಾಡಿಸಿಕೊಂಡು ಓದುತ್ತಿದ್ದೆ, ಮೇಲ್ವಿಚಾರಕಿ ಬಂದು ಮನಸ್ಸಿನಲ್ಲೇ ಓದಮ್ಮ ಎಂದರು, ನಾಚಿಕೆಯಾಯಿತು. ಮೊದಲಿನಿಂದಲೂ ನಾನು ನಿಧಾನ, ಕೊನೆಗೆ 39 ಪ್ರಶ್ನೆ ಮುಟ್ಟಲೇ ಇಲ್ಲ.’

ಮಗಳೇ, ನೀನು ನಿಧಾನದವಳಲ್ಲ. ನೀನು ಅನುವಾದ ಮಾಡುತ್ತಿದ್ದೆ.

ನಿನ್ನ ತುಟಿ ಯಾಕೆ ಅಲ್ಲಾಡುತ್ತಿತ್ತು ಎಂದು ನನಗೆ ಗೊತ್ತು. ಇಂಗ್ಲಿಷ್ ವಾಕ್ಯವನ್ನು ಒಂದು ಸಲ ಓದಿ, ಅದನ್ನು ಬಾಯೊಳಗೇ ಕನ್ನಡ ಮಾಡಿ, ಅರ್ಥ ಹತ್ತಿತೆಂದು ಖಾತ್ರಿಯಾದ ಮೇಲೆ ಲೆಕ್ಕಕ್ಕೆ ಕೈಹಾಕುತ್ತಿದ್ದೆ. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ಪ್ರಶ್ನೆಗೆ ಒಂದೇ ನಿಮಿಷ. ಆ ಒಂದು ನಿಮಿಷದಲ್ಲಿ ಪಕ್ಕದ ಬೆಂಚಿನವಳು ಒಂದು ಕೆಲಸ ಮಾಡುವಾಗ ನೀನು ಎರಡು ಮಾಡುತ್ತಿದ್ದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಕಾಲದಲ್ಲಿ ಚಿಂಚೋಳಿ ಕಡೆಯ ಹುಡುಗನೊಬ್ಬ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಏನು ಕೇಳಿದರೂ ಎದ್ದು ನಿಂತು ನೆಲ ನೋಡುತ್ತಿದ್ದ. ಆರು ತಿಂಗಳು ಅವನನ್ನು ಮಂದ ಎಂದೇ ತಿಳಿದಿದ್ದೆ. ಒಂದು ದಿನ ಪುಲ್ಲಿಯ ಲೆಕ್ಕ ಬಂತು, ಎರಡು ಕಡೆ ಎರಡು ತೂಕ. ತರಗತಿ ಪೂರ್ತಿ ಸುಮ್ಮನಿತ್ತು. ಬೇಸತ್ತು, ‘ಬಾವಿಯ ರಾಟೆಗೆ ಹಗ್ಗ ಹಾಕಿದ್ದೀರಿ, ಈ ತುದಿಗೆ ತುಂಬಿದ ಕೊಡ, ಆ ತುದಿಗೆ ಅರ್ಧ ಕೊಡ, ಕೈ ಬಿಟ್ಟರೆ ಏನಾಗುತ್ತದೆ?’ ಎಂದು ಕೇಳಿದೆ. ನಾನು ಸುಣ್ಣದ ಕಡ್ಡಿ ಕೆಳಗಿಡುವಷ್ಟರಲ್ಲಿ ಆ ಹುಡುಗ ವೇಗೋತ್ಕರ್ಷ ಎಷ್ಟೆಂದು ಹೇಳಿದ್ದ. ಸರಿಯಾಗಿತ್ತು. ಆರು ತಿಂಗಳು ಅವನಿಗೆ ಗೊತ್ತಿಲ್ಲದ್ದು ಭೌತಶಾಸ್ತ್ರವಾಗಿರಲಿಲ್ಲ, ನಾನು ಮಾತನಾಡುತ್ತಿದ್ದ ಭಾಷೆಯಾಗಿತ್ತು. ಆ ದಿನದ ನಾಚಿಕೆ ಈಗಲೂ ಹೋಗಿಲ್ಲ. ನಿನ್ನ ಪತ್ರದ ಆ ಎರಡು ಸಾಲು ಓದಿದಾಗ ಮೊದಲು ನೆನಪಾದವನು ಅವನೇ.

ಈಗ ನೀನೇ ಕೊಟ್ಟ ಅಂಕಿಗಳನ್ನು ನೋಡೋಣ. ನಿನ್ನ ಮಾವ ಹಾಕಿದ ಲೆಕ್ಕ ತಪ್ಪು, ಅದನ್ನು ನೀನು ನಂಬಿಬಿಟ್ಟಿದ್ದೀಯ. 180ರಲ್ಲಿ 39 ಬಿಟ್ಟೆ, 141 ಮುಟ್ಟಿದೆ. ಅದರಲ್ಲಿ ಸರಿ 108, ತಪ್ಪು 33. ಸರಿಯುತ್ತರಕ್ಕೆ ನಾಲ್ಕರಂತೆ 432, ತಪ್ಪಿಗೆ ಒಂದರಂತೆ 33 ಕಳೆದು 399. ಅಂದರೆ ಮುಟ್ಟಿದ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಸರಿಯಾಗಿವೆ. ತಲೆ ಇಲ್ಲದವರಿಗೆ ಹೀಗೆ ಬರುತ್ತದೆಯೇ? ಬಿಟ್ಟ 39ರಲ್ಲಿ 20 ಸರಿಯಾಗಿ 19 ತಪ್ಪಾಗಿದ್ದರೂ 61 ಅಂಕ ಸೇರಿ 460 ಆಗುತ್ತಿತ್ತು. ಜೀವಶಾಸ್ತ್ರದಿಂದ ಶುರುಮಾಡಿ ಭೌತಶಾಸ್ತ್ರಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯಿತು ಎಂದು ಬರೆದಿದ್ದೀಯ. ಹಾಗಾದರೆ ಆ 39ರಲ್ಲಿ ಬಹುಪಾಲು ನೀನು ನೋಡಿಯೇ ಇರದ ಪ್ರಶ್ನೆಗಳು. ಬಾರದೆ ಬಿಟ್ಟವಲ್ಲ.

ಇನ್ನೊಂದು ಮಾತು ನಿನ್ನ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. 2024ರಲ್ಲಿ 180 ಪ್ರಶ್ನೆಗೆ ಉತ್ತರಿಸಲು 200 ನಿಮಿಷ ಇತ್ತು. 2025ರಲ್ಲಿ ಅದನ್ನು 180ಕ್ಕೆ ಇಳಿಸಿದರು. ಆ ವರ್ಷದ ಭೌತಶಾಸ್ತ್ರ ದೇಶದ ಮಕ್ಕಳನ್ನೆಲ್ಲ ಕಂಗೆಡಿಸಿತು. 2024ರಲ್ಲಿ 720ಕ್ಕೆ 720 ಪಡೆದವರು ಹಲವರಿದ್ದರು, 2025ರಲ್ಲಿ ಇಡೀ ದೇಶದ ಅತಿ ಹೆಚ್ಚಿನ ಅಂಕವೇ 686. ಅಂಥ ವರ್ಷ ಇಪ್ಪತ್ತು ನಿಮಿಷ ಕಳೆದುಕೊಂಡು, ಪ್ರತಿ ವಾಕ್ಯವನ್ನು ಎರಡು ಸಲ ಓದಿ, ನೀನು 58 ಅಂಕ ಮೇಲೆ ಹತ್ತಿದ್ದೀಯ. ಗಿಟ್ಟಿದ್ದು ಇಷ್ಟೇ ಎನ್ನುವವರು ಒಂದು ಸಲ ಆ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಮಧ್ಯಾಹ್ನ ಎರಡರಿಂದ ಐದರವರೆಗೆ ಕುಳಿತು ನೋಡಲಿ.

ಮಾವನ ಮೇಲೆ ನನಗೆ ಸಿಟ್ಟು ಬಂದಿರುವುದು ಈ ಮಾತಿಗಲ್ಲ. ಎರಡೂ ಸಲ ನಿನ್ನ ಅರ್ಜಿ ತುಂಬಿದವನು ಅವನು. ಆನ್‌ಲೈನ್ ಅಂಗಡಿಗೆ ನೀನೂ ಹೋಗಿದ್ದೆ, ಹಿಂದೆ ನಿಂತಿದ್ದೆ. ಪ್ರಶ್ನೆಪತ್ರಿಕೆಯ ಭಾಷೆ ಯಾವುದು ಎಂದು ಅಂಗಡಿಯ ಹುಡುಗ ಕೇಳಿದಾಗ ನಿನ್ನ ಕಡೆ ತಿರುಗಿಯೂ ನೋಡದೆ ‘ಇಂಗ್ಲಿಷ್’ ಎಂದ. ನೀನು ‘ಕನ್ನಡವೂ ಇದೆಯಂತೆ’ ಎಂದಾಗ, ‘ಕನ್ನಡ ಹಾಕಿದರೆ ಹಳ್ಳಿಯವಳೆಂದು ತಿಳಿದು ಅಂಕ ಕಡಿಮೆ ಕೊಡುತ್ತಾರೆ’ ಎಂದ. ಇದನ್ನು ನೀನು ಮಾವನ ಕಾಳಜಿ ಎಂಬಂತೆ ಬರೆದಿದ್ದೀಯ. ಕೊಡುತ್ತಾರೆ ಎಂದರೆ ಯಾರು? ಅಲ್ಲಿ ಕೆಂಪು ಪೆನ್ನು ಹಿಡಿದ ಮೇಷ್ಟರು ಕುಳಿತಿಲ್ಲ. ಓಎಂಆರ್ ಹಾಳೆಯ ಮೇಲೆ ನೀನು ಕಪ್ಪಾಗಿಸಿದ ವೃತ್ತಗಳನ್ನು ಯಂತ್ರ ಓದುತ್ತದೆ. ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಓದಿದೆ ಎಂದು ವೃತ್ತ ಹೇಳುವುದಿಲ್ಲ. 2017ರಿಂದ ಕನ್ನಡದಲ್ಲಿಯೂ ನೀಟ್ ಬರೆಯಬಹುದು. ಕಲಬುರಗಿಯಂಥ ಊರಿನಲ್ಲಿ ನೌಕರಿಯಲ್ಲಿರುವ ವಿದ್ಯಾವಂತ, ತನಗೆ ತಿಳಿಯದ್ದನ್ನು ಇಷ್ಟು ಧೈರ್ಯವಾಗಿ ಹೇಳಿ ಒಂದು ಹುಡುಗಿಯ ಎರಡು ವರ್ಷವನ್ನು ಇಕ್ಕಟ್ಟಿಗೆ ಸಿಕ್ಕಿಸಿದ. ಆಮೇಲೆ ತಲೆ ಇಲ್ಲ ಎಂದೂ ಅಂದ. ನರ್ಸಿಂಗ್ ಗೌರವದ ಕೆಲಸ. ‘ತಲೆ ಇಲ್ಲ, ಅದಕ್ಕೆ ನರ್ಸಿಂಗ್’ ಎನ್ನುವವರು ನಿನಗೂ ಅವಮಾನ ಮಾಡುತ್ತಾರೆ, ರಾತ್ರಿಯೆಲ್ಲ ರೋಗಿಯ ಪಕ್ಕದಲ್ಲಿ ನಿಲ್ಲುವ ಆ ಹೆಣ್ಣುಮಕ್ಕಳಿಗೂ ಅವಮಾನ ಮಾಡುತ್ತಾರೆ.

ಅವನು ಎರಡು ವರ್ಷ ನಿನಗೆ ಅನ್ನ ಹಾಕಿದ್ದಾನೆ. ಆ ಋಣ ದೊಡ್ಡದು, ಮರೆಯಬೇಡ. ಅರ್ಜಿ ತುಂಬುವ ಹಕ್ಕು ಆ ಋಣದಲ್ಲಿ ಸೇರಿಲ್ಲ.

ಕನ್ನಡ ಆರಿಸಿದರೆ ಏನು ಸಿಗುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊ. ಬರೀ ಕನ್ನಡದ ಪತ್ರಿಕೆ ಸಿಗುವುದಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪುಸ್ತಿಕೆ ಸಿಗುತ್ತದೆ. ನಿನ್ನಂಥವಳಿಗೆ ಬೇಕಾದದ್ದು ಅದೇ. ಪಿಯುಸಿಯ ಎರಡು ವರ್ಷ ಮತ್ತು ಕೋಚಿಂಗ್‌ನ ಒಂದು ವರ್ಷ ನೀನು ‘ಮೊಮೆಂಟಮ್’ ಎಂದೇ ಕಲಿತಿದ್ದೀಯ, ಹೈಸ್ಕೂಲಿನ ‘ಸಂವೇಗ’ ಅರ್ಧ ಮರೆತಿರಬಹುದು. ಹಾಗಾಗಿ ವಾಕ್ಯವನ್ನು ಕನ್ನಡದಲ್ಲಿ ಓದು, ಪಾರಿಭಾಷಿಕ ಪದ ಹೊಸದೆನಿಸಿದರೆ ಕಣ್ಣನ್ನು ಇಂಗ್ಲಿಷ್ ಕಡೆಗೆ ಹೊರಳಿಸು. ಅನುವಾದದಲ್ಲಿ ಅಲ್ಲಲ್ಲಿ ಎಡವಟ್ಟು ಇರುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ ಇಂಗ್ಲಿಷ್‌ನಲ್ಲಿರುವುದೇ ಅಂತಿಮ ಎಂದು ಪರೀಕ್ಷೆಯ ನಿಯಮವಿದೆ. ಇದನ್ನು ಮೊದಲ ಸಲ ಪರೀಕ್ಷೆಯ ಕೊಠಡಿಯಲ್ಲಿ ಮಾಡಬೇಡ. ಮನೆಯಲ್ಲಿ ಹಳೆಯ ಕನ್ನಡ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕಣ್ಣಿಗೆ ರೂಢಿ ಮಾಡಿಸು.

ಒಂದು ವಿಷಯ ನೀನೇ ಗಮನಿಸು. ‘ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ’ ಎಂಬ ಬಗೆಯ ಪ್ರಶ್ನೆಗಳು ಜೀವಶಾಸ್ತ್ರದಲ್ಲಿ ಎಷ್ಟೋ ಬರುತ್ತವೆ. ಇಂಗ್ಲಿಷ್‌ನಲ್ಲಿ ಆ ನಿಷೇಧದ ಪದ ಪುಟ್ಟದಾಗಿ ವಾಕ್ಯದ ನಡುವೆ ಅಡಗಿರುತ್ತದೆ, ಅವಸರದಲ್ಲಿ ಕಣ್ಣು ಹಾರಿಹೋಗುತ್ತದೆ. ಕನ್ನಡದಲ್ಲಿ ‘ಅಲ್ಲ’ ಕೊನೆಗೆ ಬರುತ್ತದೆ. ಓದಿ ಮುಗಿಸುವಾಗ ಕಿವಿಯಲ್ಲಿ ಉಳಿಯುವುದೇ ಅದು. ನಿನ್ನ 33 ತಪ್ಪುಗಳಲ್ಲಿ ಇಂಥವು ಎಷ್ಟಿವೆ, ಎಣಿಸಿ ನೋಡು.

ಬರೆಯಬೇಕೋ ಬೇಡವೋ ಎಂದು ಕೇಳಿದ್ದೀಯ. ಬರೆ. ಆದರೆ ಇನ್ನೊಂದು ಪೈಸೆಯನ್ನೂ ಕೋಚಿಂಗ್‌ಗೆ ಹಾಕಬೇಡ. ಪಾಠ ನಿನಗೆ ಬರುತ್ತದೆ. ಪುಸ್ತಕಗಳಿವೆ, ಮನೆಯಿದೆ, ಅವ್ವ ಬಡಿದ ರೊಟ್ಟಿಯಿದೆ. ಅಣ್ಣ ಗಾರೆ ಕಲಸಿ ಕಳುಹಿಸುವ ದುಡ್ಡು ಈ ಸಲ ಅಣ್ಣನ ಬಳಿಯೇ ಇರಲಿ, ಬೇಡ ಎಂದು ನೀನೇ ಫೋನ್ ಮಾಡಿ ಹೇಳು. ಈ ಪತ್ರದಲ್ಲಿ ನನ್ನ ಮನಸ್ಸು ಕರಗಿದ್ದು ಆ ಹುಡುಗನಿಗೆ. ತಾನು ಓದು ಬಿಟ್ಟವನು, ತಂಗಿಗೆ ಒಂದು ಸಲವೂ ಲೆಕ್ಕ ಕೇಳಿಲ್ಲ. ಮತ್ತೆ ನಿದ್ದೆ. ರಾತ್ರಿ ಎರಡರವರೆಗೆ ಓದಿ ಐದಕ್ಕೆ ಏಳುತ್ತಿದ್ದೆ ಎಂದು ಹೆಮ್ಮೆಯಿಂದ ಬರೆದಿದ್ದೀಯ, ತಲೆನೋವಿಗೆ ಕಾರಣ ಏನಿರಬಹುದು ಎಂದೂ ಅದೇ ಹಾಳೆಯಲ್ಲಿ ಕೇಳಿದ್ದೀಯ. ನಿದ್ದೆ ಬಿಟ್ಟು ಓದುವುದನ್ನು ನಾನು ಎಂದೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಹನ್ನೊಂದಕ್ಕೆ ದೀಪ ಆರಿಸು.

ಕೃಷಿ, ಎಂಜಿನಿಯರಿಂಗ್ ಸೀಟುಗಳಿಗೆ ರಾಜ್ಯ ನಡೆಸುವ ಸಿಇಟಿಯನ್ನೂ ಬರೆ. ಅಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆಗೆ 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಕಲಬುರಗಿಗೆ ಹೋಗುವಾಗಲೆಲ್ಲ ಆಳಂದ ರಸ್ತೆಯ ಕೃಷಿ ಮಹಾವಿದ್ಯಾಲಯದ ಮುಂದೆ ಬಸ್ಸಿನ ಕಿಟಕಿಯಿಂದ ಹೊಲಗಳನ್ನು ನೋಡುತ್ತಿದ್ದೆ ಎಂದು ಸುಮ್ಮನೆ ಒಂದು ಮಾತು ಬರೆದಿದ್ದೀಯ. ಅಪ್ಪನ ತೊಗರಿಗೆ ನೆಟೆ ರೋಗ ಬಂದ ವರ್ಷ ಬೇರು ಸೀಳಿ ಒಳಗೆ ಕಪ್ಪಾದದ್ದನ್ನು ನೋಡಿದೆ ಎಂದೂ ಬರೆದಿದ್ದೀಯ. ಆ ಕಣ್ಣು ಎಲ್ಲಿ ಹೋದರೂ ದಂಡವಾಗುವುದಿಲ್ಲ. ಕೃಷಿಕರ ಮಕ್ಕಳ ಕೋಟಾಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಾರೆ, ಅದಕ್ಕೂ ಹೆಸರು ಕೊಡು. ಸಿಕ್ಕ ಸೀಟನ್ನು ಒದ್ದು ನಾಲ್ಕನೆಯ ವರ್ಷ ಕೂರುವ ಮಾತು ಮಾತ್ರ ಬೇಡ.

‘371(ಜೆ) ಇದೆಯಲ್ಲ’ ಎಂದು ಮಾವ ಹೇಳುತ್ತಾನಂತೆ. ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ ಆ ವಿಧಿ ಇದೆ, ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಮಕ್ಕಳಿಗೆ. ಆದರೆ ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ಕೈಗೆ ಬರಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವಳು ನೀನು. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ ಶಾಲೆಯ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಮಾಡಿಸಬೇಕು. ಈ ಓಡಾಟವನ್ನು ಅಪ್ಪನಿಗೆ ಒಪ್ಪಿಸು. ಅವರು ಸುಮ್ಮನಿರುವುದು ಏನು ಮಾಡಬೇಕೆಂದು ತಿಳಿಯದೆ ಇರಬಹುದು, ಕೆಲಸ ಕೊಟ್ಟರೆ ಮಾಡುತ್ತಾರೆ.

ಉಳಿದದ್ದನ್ನೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಮಾಡು. ಈ ಸಲ ಅರ್ಜಿಯನ್ನು ನಿನ್ನ ಕೈಯಿಂದ ತುಂಬು. ಪರೀಕ್ಷೆ ಬರೆಯುವವರೇ ಅರ್ಜಿ ತುಂಬಬೇಕು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ. ಒಟಿಪಿ ಮಾವನ ಮೊಬೈಲಿಗೆ ಹೋಗುವುದು ಬೇಡ, ನಿಮ್ಮ ಮನೆಯ ನಂಬರ್ ಕೊಡು, ಪಾಸ್‌ವರ್ಡ್ ನಿನ್ನ ನೋಟ್‌ಬುಕ್ಕಿನಲ್ಲಿ ಬರೆದಿಡು. ಭಾಷೆಯ ಕಲಂ ಬಂದಾಗ ಕೈ ನಡುಗಿದರೂ ಕನ್ನಡ ಎಂದು ಒತ್ತು. ಆಮೇಲೆ ಬದಲಿಸಿದರಾಯಿತು ಎಂದು ನಂಬಿಕೊಂಡು ಕೂರಬೇಡ. ಮಾವ ಜೊತೆಗೆ ಬರುತ್ತೇನೆಂದರೆ ಬರಲಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಡು. ಮುದ್ರಿಸಿದ ಪ್ರತಿ ಕೈಗೆ ಬಂದ ಮೇಲೆ ಅಂಗಡಿಯಲ್ಲೇ ನಿಂತು ಓದು. ಪ್ರಶ್ನೆಪತ್ರಿಕೆಯ ಮಾಧ್ಯಮ ಎಂಬಲ್ಲಿ ಕನ್ನಡ ಎಂದು ಇದೆಯೇ ನೋಡಿ, ಆಮೇಲೆ ದುಡ್ಡು ಕೊಟ್ಟು ಮನೆಗೆ ಹೋಗು.