'ಪಾಪ' ಅನ್ನಬೇಡಿ ಸ್ವಾಮಿ

ಬೆಂಗಳೂರಿನ ಹನುಮಂತನಗರದ ಹಿರಿಯರೊಬ್ಬರು ಬರೆದಿದ್ದಾರೆ: "ಮೂರು ವರ್ಷದ ಮೊಮ್ಮಗಳಿಗೆ ಸೆರೆಬ್ರಲ್ ಪಾಲ್ಸಿ, ಎಳೆಯ ಮಿದುಳಿಗೆ ಪೆಟ್ಟು ಬಿದ್ದು ಕೈಕಾಲು ಹಿಡಿತಕ್ಕೆ ಬಾರದ ತೊಂದರೆ. ಬಲಗೈ, ಬಲಗಾಲು ಬಿಗಿ. ಬೇಸಿಗೆಯಲ್ಲಿ ಎರಡು ವಾರ, ದಿನಕ್ಕೆ ಐದು ಗಂಟೆ ತರಬೇತಿ ಕೊಡಿಸಲು ಮಗಳು ಹಟ ಹಿಡಿದಿದ್ದಾಳೆ. ಪಾಪ, ಅಷ್ಟು ಚಿಕ್ಕ ಕೂಸನ್ನು ಹೀಗೆ ದಂಡಿಸುವುದು ಸರಿಯೇ?"

ನಿಮ್ಮ ಸಂಕಟ ತಿಳಿಯುತ್ತದೆ. ಮಗು ದಣಿಯುತ್ತದೆ, ನಿಜ. ಜ್ವರ ಬಂದ ದಿನ ನಿಲ್ಲಿಸಲೇಬೇಕು. ಪೂರ್ತಿ ಗುಣ ಮಾಡುತ್ತೇವೆ ಅನ್ನುವವರ ಹೊಸ್ತಿಲನ್ನೂ ತುಳಿಯಬೇಡಿ. ಮಿದುಳಿಗೆ ಬಿದ್ದ ಪೆಟ್ಟು ಅಳಿಸಿಹೋಗುವಂಥದ್ದಲ್ಲ. ಇಷ್ಟು ನಿಮ್ಮ ಪಾಲಿಗೆ.

ನನ್ನ ಜಗಳ ಇರುವುದು ಆ 'ಪಾಪ'ದ ಜೊತೆ. ಮನೆಮಂದಿಯೆಲ್ಲ ಪೇಪರ್ ಹಾಸಿಕೊಂಡು ಅವರೆಕಾಯಿ ಸುಲಿಯುವಾಗ ಅವಳು ಸುಮ್ಮನೆ ನೋಡುತ್ತಾ ಕೂತಿರುತ್ತಾಳೆ, ನಾನೇ ಕಾಳು ಬಿಡಿಸಿ ಅವಳ ಎಡಗೈಗೆ ಹಾಕುತ್ತೇನೆ ಅಂತ ಬರೆದಿದ್ದೀರಿ. ಪ್ರೀತಿಯೇ, ಅನುಮಾನವಿಲ್ಲ. ಆದರೆ ಬಲಗೈಗೆ ಸಿಕ್ಕಿದ್ದ ಕೆಲಸವನ್ನು ನೀವು ಕಿತ್ತುಕೊಂಡಿರಿ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಇದನ್ನೇ ಕೋತಿಗಳಲ್ಲಿ ಕಂಡರು: ಸ್ಪರ್ಶ ಕಳೆದುಕೊಂಡ ತೋಳು ಆಡಬಲ್ಲದಾದರೂ ಕೋತಿ ಅದನ್ನು ಬಳಸುವುದೇ ಬಿಟ್ಟಿತು, ಚೆನ್ನಾಗಿದ್ದ ತೋಳನ್ನು ಕಟ್ಟಿದಾಗ ಮತ್ತೆ ಬಳಸಿತು. ಒಳ್ಳೆಯ ಕೈಗೆ ಗವಸು ತೊಡಿಸುವ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದ. ಆಮೇಲೆ ಎರಡೂ ಕೈ ಬೇಡುವ ಆಟಗಳು ಬಂದವು. ಬೆಲ್ಜಿಯಂನ ತಂಡವೊಂದು ಒಂದು ಪಕ್ಕ ಬಿಗಿಯಾದ 1ರಿಂದ 4 ವರ್ಷದ ಮಕ್ಕಳನ್ನು 2 ವಾರದಲ್ಲಿ 50 ಗಂಟೆ ಆಡಿಸಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎಂದಿನ ಚಿಕಿತ್ಸೆಯಲ್ಲಿದ್ದವರಿಗಿಂತ ಈ ಮಕ್ಕಳ ಕೈಬಳಕೆ ಸುಧಾರಿಸಿತ್ತು. ಆಡಿಸಿತು ಅಂದೆ, ಗಮನಿಸಿ. ಡಬ್ಬಿ ಮುಚ್ಚಳ ತೆಗೆಯುವುದು, ಮಣಿ ಪೋಣಿಸುವುದು, ಚೆಂಡು ಎಸೆಯುವುದು, ಇಂಥವೇ. ಕೈ ಹಿಡಿದು ಯಾರೂ ಮಾಡಿಸುವುದಿಲ್ಲ, ಮಗುವೇ ಮಾಡಬೇಕು. ಸಲೀಸಾಯಿತು ಅನ್ನುವಷ್ಟರಲ್ಲಿ ಆಟ ಒಂದು ಮೆಟ್ಟಿಲು ಮೇಲೇರಿರುತ್ತದೆ.

ನಿಮ್ಮದೇ ಬೀದಿಯಲ್ಲಿ ಆರು ವರ್ಷದ ಮಗು ಸಂಗೀತ ಪಾಠದಲ್ಲಿ ಮಾಯಾಮಾಳವಗೌಳದ ಸರಳೆ ವರಸೆಯನ್ನು ಮೂರು ಕಾಲದಲ್ಲಿ ತಿಂಗಳುಗಟ್ಟಲೆ ತಿದ್ದಿದರೆ ಅದು ಸಾಧನೆ. ಈ ಮಗು ತಿದ್ದಿದರೆ ಮಾತ್ರ ಪಾಪವೇ?

ನನ್ನ ಅಕ್ಕನ ಮಗನಿಗೂ ಇದೇ ತೊಂದರೆ. ಎಣ್ಣೆ ತಿಕ್ಕಿ, ಉಣಿಸಿ, ಅಂಗಿ ತೊಡಿಸಿ ಬೆಳೆಸಿದೆವು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಾಸ್ಟೆಲ್ ಸೇರಿದ. ಅಲ್ಲಿ ತೊಡಿಸುವವರಿರಲಿಲ್ಲ. ಮೂರೇ ವಾರಕ್ಕೆ ಗುಂಡಿ ಹಾಕಿಕೊಂಡು ಬಂದು ನಿಂತ. ಅಕ್ಕ ಅತ್ತಳು, ಸಂತೋಷಕ್ಕೋ ಸಿಟ್ಟಿಗೋ ನಾನು ಕೇಳಲಿಲ್ಲ.

ದಂಡನೆ ನೋಡಬೇಕಾದರೆ ಬೇರೆಡೆ ನೋಡಿ. ನಲವತ್ತು ನಿಮಿಷದ ಫಿಸಿಯೋಥೆರಪಿಗಾಗಿ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುವುದು ದಂಡನೆ. ಕೆಲಸ ಬಿಡುವ ಸರದಿ ಸದಾ ತಾಯಿಯದೇ ಆಗುವುದು ದಂಡನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ಆದರೂ "ಮೊದಲು ನಡೆಯಲಿ, ಆಮೇಲೆ ಕರೆತನ್ನಿ" ಅನ್ನುವ ಶಾಲೆ ಈ ಊರಲ್ಲಿದೆ, ನನ್ನ ಅಕ್ಕ ಕೇಳಿಸಿಕೊಂಡು ಬಂದಿದ್ದಾಳೆ. ಇನ್ನು ನಡೆಯಲಿಕ್ಕೆ ನಮ್ಮ ಫುಟ್‌ಪಾತು! ಟ್ರಾನ್ಸ್‌ಫಾರ್ಮರ್ ಸುತ್ತಿಕೊಂಡು, ಅಲುಗಾಡುವ ಚಪ್ಪಡಿ ದಾಟಿ ನೀವು ನಾನೇ ಎಡವುತ್ತೇವೆ.

ಮಗಳಿಗೆ ರಜೆ ಸಾಲದಿದ್ದರೆ ನೀವೇ ಹೋಗಿ ಬನ್ನಿ, ನಿವೃತ್ತರಲ್ಲವೇ. ಅಲ್ಲಿಯವರೆಗೆ, ಅವರೆಕಾಯಿ ಕಾಲ ಇನ್ನೂ ಮುಗಿದಿಲ್ಲ. ಅವಳ ಮುಂದೆ ಒಂದು ಹಿಡಿ ಸುರಿದು, ನಿಮ್ಮ ಕೈ ಕಟ್ಟಿಕೊಂಡು ಕೂತಿರಿ.

— ಸಂಪಾದಕ